ತಾಜಗಂಜಿನ ಮುಚ್ಚಿದ ಬಾಗಿಲುಗಳು

ದೆಹಲಿಯಲ್ಲಿ ನೆಲೆಸಿದ ಕನ್ನಡಿಗರಿಗೆ ಎಲ್ಲಿಯೂ ಬರೆದಿಡದ ಒಂದು ಕರ್ತವ್ಯವುಂಟು. ಊರಿನಿಂದ ಬಂದ ನೆಂಟರನ್ನು ಆಗ್ರಾಕ್ಕೆ ಕರೆದೊಯ್ದು ತಾಜಮಹಲು ತೋರಿಸುವುದೇ ಅದು. ಕರ್ನಾಟಕ ಎಕ್ಸ್‌ಪ್ರೆಸ್ಸು ಆಗ್ರಾ ಕಂಟೋನ್ಮೆಂಟಿನಲ್ಲಿ ನಿಂತಾಗಲೇ ಕೆಲವರು ಕಿಟಕಿಯಿಂದ ಕತ್ತು ಚಾಚಿ, "ಇಲ್ಲಿಂದಲೇ ಕಾಣುತ್ತದೆಯೋ?" ಎಂದು ವಿಚಾರಿಸಿಕೊಂಡಿರುತ್ತಾರೆ. ಇಪ್ಪತ್ತು ವರ್ಷಗಳ ನೌಕರಿಯಲ್ಲಿ ನಾವೂ ಹತ್ತು ಹದಿನೈದು ಸಲ ಹೋಗಿ ಬಂದಿದ್ದೇವೆ. ಕೊನೆಕೊನೆಗೆ ನೆಂಟರನ್ನು ಒಳಕ್ಕೆ ಕಳುಹಿಸಿ, ಹೊರಗೆ ತಾಜಗಂಜಿನ ಅಂಗಡಿಯೊಂದರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವುದೇ ರೂಢಿಯಾಯಿತು. ಹೀಗಾಗಿ ತಾಜಮಹಲಿಗಿಂತ ತಾಜಗಂಜೇ ನಮಗೆ ಹೆಚ್ಚು ಪರಿಚಿತ.

ಪ್ರವಾಸಿಗಳನ್ನು ಸುಲಿಯಲು ಈಚೆಗೆ ಹುಟ್ಟಿಕೊಂಡ ಸಂತೆ ಎಂದು ನಮ್ಮವರು ಈ ಪೇಟೆಯ ಬಗ್ಗೆ ಮೂಗು ಮುರಿಯುವುದುಂಟು. ಇದು ಸರಿಯಲ್ಲ. ಮುಮ್ತಾಜ್ ಮಹಲ್ ತೀರಿಕೊಂಡದ್ದು 1631ರಲ್ಲಿ. ಮರುವರ್ಷ ಗೋರಿಯ ಕೆಲಸ ಆರಂಭವಾಯಿತು. ಅದರ ದಕ್ಷಿಣಕ್ಕೆ ಅಂಗಡಿ ಬೀದಿಗಳನ್ನೂ ಸರಾಯಿಗಳನ್ನೂ ಶಹಜಹಾನನೇ ಕಟ್ಟಿಸಿದ. ಗೋರಿಯ ಖರ್ಚಿಗಾಗಿ ಮೂವತ್ತು ಹಳ್ಳಿಗಳ ಕಂದಾಯ ವರ್ಷಕ್ಕೆ 1 ಲಕ್ಷ ರೂಪಾಯಿ, ಈ ಪೇಟೆ ಮತ್ತು ಸರಾಯಿಗಳ ಬಾಡಿಗೆ 2 ಲಕ್ಷ ಎಂದು ಆಸ್ಥಾನದ ಇತಿಹಾಸಕಾರ ಅಬ್ದುಲ್ ಹಮೀದ್ ಲಾಹೋರಿ ಬರೆದಿಟ್ಟಿದ್ದಾನೆ. ಎಂದರೆ ಗೋರಿಯನ್ನು ಸಾಕುತ್ತಿದ್ದುದು ಅಂಗಡಿ. ಈಗಿನ ಕಾಲದಲ್ಲಿ ಲೆಕ್ಕ ತಿರುಗುಮುರುಗಾಗಿದೆ, ಅಷ್ಟೆ.

ಸಾಂಕ್ರಾಮಿಕ ರೋಗವೂ ಆಗ್ರಾಕ್ಕೆ ಹೊಸದಲ್ಲ. ತಾಜಮಹಲಿನ ಅಸ್ತಿವಾರ ಬೀಳುವುದಕ್ಕೆ ಹದಿಮೂರು ವರ್ಷ ಮೊದಲು, 1619ರ ಆರಂಭದಲ್ಲಿ, ಅಲ್ಲಿ ಪ್ಲೇಗು ಎದ್ದಿತ್ತು. ಗುಜರಾತಿನ ಕಡೆಯಿಂದ ಹಿಂದಿರುಗುತ್ತಿದ್ದ ಜಹಾಂಗೀರ್ ಬಾದಶಹ ಊರೊಳಕ್ಕೆ ಹೋಗದೆ ಫತೇಪುರ ಸಿಕ್ರಿಯಲ್ಲಿಯೇ ತಂಗಿದ. ಆಗ್ರಾದಲ್ಲಿ ದಿನಕ್ಕೆ ಸುಮಾರು ನೂರು ಜನ ಸಾಯುತ್ತಿದ್ದರೆಂದು ಅವನ ಆತ್ಮಕಥೆಯಲ್ಲಿದೆ. ಒಬ್ಬ ಸರದಾರನ ಮನೆಯ ಅಂಗಳದಲ್ಲಿ ಇಲಿಯೊಂದು ಕುಡಿದವರಂತೆ ತೂರಾಡಿತಂತೆ. ಅದನ್ನು ಕಚ್ಚಿದ ಬೆಕ್ಕು ಕಾಯಿಲೆ ಬಿದ್ದಿತಂತೆ. ಆಮೇಲೆ ದಾಸಿಯೊಬ್ಬಳಿಗೆ ಗಂಟು ಎದ್ದು, ಎಂಟೊಂಬತ್ತು ದಿನಗಳಲ್ಲಿ ಆ ಮನೆಯಿಂದ ಹದಿನೇಳು ಜನ ಹೋದರಂತೆ. ವಿಜ್ಞಾನ ಓದಿದ ನಮಗೆ ಇಲ್ಲಿ ಒಂದು ಮಾತು ಹೇಳದೆ ಇರಲಾಗದು. ಪ್ಲೇಗಿನ ಜೀವಾಣುವನ್ನು ಯೆರ್ಸಿನ್ ಕಂಡುಹಿಡಿದದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂದು ಸಿಮಾಂಡ್ ಕರಾಚಿಯಲ್ಲಿ ತೋರಿಸಿದ್ದು 1898ರಲ್ಲಿ. ಅದಕ್ಕೆ ಮುನ್ನೂರು ವರ್ಷ ಹತ್ತಿರಹತ್ತಿರ ಮುಂಚೆಯೇ ಒಬ್ಬ ಗೃಹಿಣಿ ಇಲಿಯ ಮೇಲೆ ಕಣ್ಣಿಟ್ಟಿದ್ದಳು, ಬಾದಶಹ ಅದನ್ನು ಬರೆದುಕೊಂಡಿದ್ದ.

ತಾಜಮಹಲಿನ ಬಾಗಿಲು ಈಚಿನ ಕಾಲದಲ್ಲಿ ಎರಡು ಸಲ ಮುಚ್ಚಿದ್ದುಂಟು. 1971ರ ಡಿಸೆಂಬರಿನ ಯುದ್ಧಕಾಲದಲ್ಲಿ ಹದಿನೈದು ದಿನ, 1978ರ ಸೆಪ್ಟೆಂಬರಿನಲ್ಲಿ ಯಮುನೆ ಉಕ್ಕಿದಾಗ ಒಂದು ವಾರ. ಮೂರನೆಯದು 2020ರ ಮಾರ್ಚ್ 17ರಂದು, ಕೋವಿಡಿನ ಕಾರಣ. ಮೊದಲು ಮಾರ್ಚ್ 31ರವರೆಗೆ ಎಂದಿತ್ತು. ಸರಕಾರಿ ಕಚೇರಿಯಲ್ಲಿ ಕಡತ ನೋಡುವ ನಮ್ಮಂಥವರಿಗೆ ಇಂಥ ತಾರೀಖುಗಳ ಬೆಲೆ ಗೊತ್ತು. ಮಾರ್ಚ್ 25ರಿಂದ ದೇಶವೇ ಮುಚ್ಚಿತು. ಜುಲೈ 6ರಂದು ದೇಶದ ಸ್ಮಾರಕಗಳನ್ನು ತೆರೆಯಲು ಅನುಮತಿ ಬಂದಾಗಲೂ ಆಗ್ರಾದ ಜಿಲ್ಲಾಡಳಿತ ಒಪ್ಪಲಿಲ್ಲ. ಊರಿನಲ್ಲಿ ರೋಗ ಇಳಿದಿರಲಿಲ್ಲ. ಕಡೆಗೆ ಸೆಪ್ಟೆಂಬರ್ 21ಕ್ಕೆ, 188 ದಿನಗಳ ಮೇಲೆ, ಬಾಗಿಲು ತೆರೆಯಿತು. ದಿನಕ್ಕೆ 5,000 ಜನ ಮಾತ್ರ. ಟಿಕೆಟ್ಟು ಕಿಟಕಿಯಲ್ಲಿಲ್ಲ, ಮೊಬೈಲಿನಲ್ಲಿ. ಹಿಂದೆ ದಿನಕ್ಕೆ ಸರಾಸರಿ 20,000ದಷ್ಟು ಜನ ಬರುತ್ತಿದ್ದ ಜಾಗವದು. 2021ರ ಏಪ್ರಿಲ್ 16ರಿಂದ ಜೂನ್ 15ರವರೆಗೆ ಮತ್ತೆ 61 ದಿನ ಮುಚ್ಚಿತು.

ದಿನಗಳನ್ನು ಎಣಿಸಿದರೆ ಪೇಟೆಯ ನಷ್ಟ ಪೂರ್ತಿ ತಿಳಿಯುವುದಿಲ್ಲ. ಆಗ್ರಾದ ಸುಗ್ಗಿ ಅಕ್ಟೋಬರಿನಿಂದ ಮಾರ್ಚಿಯವರೆಗೆ. ಬೇಸಗೆಯಲ್ಲಿ ಹೇಗೂ ವ್ಯಾಪಾರ ಸಪ್ಪೆ. ಸುಗ್ಗಿಯಲ್ಲಿ ಗಳಿಸಿದ್ದನ್ನು ಕೂತು ತಿನ್ನುವ ಕಾಲವದು. ಬಾಗಿಲು ತೆರೆದ ಮೇಲೆ ಸುಗ್ಗಿ ಬಂತು, ಗಿರಾಕಿ ಬರಲಿಲ್ಲ. ವಿದೇಶೀಯರ ಪ್ರವಾಸಿ ವೀಸಾ 2020ರ ಮಾರ್ಚಿಯಲ್ಲಿ ನಿಂತದ್ದು ಮತ್ತೆ ಎಲ್ಲರಿಗೂ ಸಿಕ್ಕಿದ್ದು 2021ರ ನವೆಂಬರಿನಲ್ಲಿ. ಮಾಮೂಲು ವಿಮಾನಗಳು ಹಾರಿದ್ದು 2022ರ ಮಾರ್ಚಿಯಲ್ಲಿ. ನಮ್ಮ ನೆಂಟರು ಕೊಳ್ಳುವುದು ಹೆಚ್ಚೆಂದರೆ ಎರಡು ಡಬ್ಬಿ ಪೇಠಾ, ಒಂದು ಜೊತೆ ಚಪ್ಪಲಿ. ಅಮೃತಶಿಲೆಯ ತಟ್ಟೆ, ಮೇಜು ಕೊಳ್ಳುವವರು ಕಡಲಾಚೆಯವರು. ಬಣ್ಣದ ಕಲ್ಲನ್ನು ಎಸಳಿನಷ್ಟು ತೆಳ್ಳಗೆ ತೇಯ್ದು ಬಿಳಿ ಕಲ್ಲಿನೊಳಕ್ಕೆ ಕೂರಿಸುವ ಪಚ್ಚೀಕಾರಿ ಕೆಲಸ ಇವರನ್ನು ನಂಬಿಕೊಂಡೇ ಉಳಿದದ್ದು.

2021ರ ಜನವರಿಯ ಒಂದು ಶನಿವಾರ ನಾವು ಆಗ್ರಾಕ್ಕೆ ಹೋದೆವು. ಆಗ ನಮ್ಮ ತುಟ್ಟಿಭತ್ಯೆಯ ಕಂತುಗಳನ್ನು ಸರಕಾರ ತಡೆಹಿಡಿದಿದ್ದ ಕಾಲ. ಕ್ಯಾಂಟೀನಿನಲ್ಲಿ ಅದೇ ಮಾತು, ಅದೇ ಗೊಣಗು. ಆ ಗೊಣಗಿನಲ್ಲಿ ನಮ್ಮ ದನಿ ಕಡಿಮೆಯದೇನಲ್ಲ. ತಾಜಗಂಜಿನಲ್ಲಿ ನಾವು ಯಾವಾಗಲೂ ಕೂರುತ್ತಿದ್ದ ಕಟ್ಟೆ ಒಬ್ಬ ಮುದುಕ ಪಚ್ಚೀಕಾರನದು. ಅಂಗಡಿ ತೆರೆದಿತ್ತು, ಆದರೆ ಕಲ್ಲು ತೇಯುವ ಚಕ್ರದ ಮೇಲೆ ಗೋಣಿ ಹೊದಿಸಿತ್ತು. ಬೇಸಗೆಯೆಲ್ಲ ತಳ್ಳುಗಾಡಿಯಲ್ಲಿ ತರಕಾರಿ ಮಾರಿದೆನೆಂದು ಆತ ಹೇಳಿದ. ಅದನ್ನು ಹೇಳಲು ನಾಚಲೂ ಇಲ್ಲ, ಗೋಳಾಡಲೂ ಇಲ್ಲ. ಅವನ ಬಳಿ ಕೆಲಸ ಕಲಿಯುತ್ತಿದ್ದ ಮೂವರಲ್ಲಿ ಇಬ್ಬರು ಹಳ್ಳಿಗೆ ಹೋದವರು ತಿರುಗಿ ಬಂದಿರಲಿಲ್ಲ. ಮಗ ಪಾರ್ಸೆಲು ಹಂಚುವ ಕೆಲಸಕ್ಕೆ ಸೇರಿದ್ದ.

"ಅಂಗಡಿ ತೆರೆಯುವುದು ದೊಡ್ಡ ಮಾತಲ್ಲ ಬಾಬೂಜಿ, ಹುಡುಗರು ತಿರುಗಿ ಬರಬೇಕಲ್ಲ. ಕೈ ಕೂರಲು ಏಳೆಂಟು ವರ್ಷ ಬೇಕು. ತಿಂಗಳು ತಿಂಗಳು ದುಡ್ಡು ಕಂಡವನು ಇಲ್ಲಿ ಯಾಕೆ ಕೂರುತ್ತಾನೆ?" ಎಂದ. ಆಮೇಲೆ, ಕುಶಲ ವಿಚಾರಿಸುವವನಂತೆ, "ನಿಮ್ಮ ಸಂಬಳ ಬರುತ್ತಿದೆಯೇ?" ಎಂದು ಕೇಳಿದ. ಬರುತ್ತಿದೆ ಎಂದೆವು. ತುಟ್ಟಿಭತ್ಯೆಯ ವಿಚಾರ ಎತ್ತಲಿಲ್ಲ. ಅಂಗೈಯಗಲದ ಒಂದು ಡಬ್ಬಿಯನ್ನು, ಚೌಕಾಸಿ ಮಾಡದೆ, ಕೊಂಡು ಬಂದೆವು.

2023ರ ಚಳಿಗಾಲದಲ್ಲಿ ದಾವಣಗೆರೆಯ ನೆಂಟರೊಡನೆ ಮತ್ತೆ ಹೋಗಿದ್ದೆವು. ಬಾಗಿಲಲ್ಲಿ ಹಿಂದಿನಂತೆಯೇ ನೂಕುನುಗ್ಗಲು, ಜಟಕಾದವರ ಕೂಗು, ಪೇಠಾ ಅಂಗಡಿಗಳ ಮುಂದೆ ಸಾಲು. ಪಚ್ಚೀಕಾರನ ಅಂಗಡಿಯಿದ್ದಲ್ಲಿ ಮೊಬೈಲಿನ ಕವಚಗಳನ್ನು ತೂಗುಹಾಕಿದ್ದರು. ಅಂಗಡಿಯ ಹುಡುಗನನ್ನು ಮುದುಕನ ಬಗ್ಗೆ ವಿಚಾರಿಸಿದೆವು. ತಾನು ಬಾಡಿಗೆಗೆ ಬಂದು ಒಂದು ವರ್ಷವಾಯಿತೆಂದೂ ಹಿಂದೆ ಯಾರಿದ್ದರೋ ತಿಳಿಯದೆಂದೂ ಹೇಳಿದ. ಕಟ್ಟೆಯ ಮೇಲೆ ಕೂರಬಹುದೇ ಎಂದು ಕೇಳಿದೆವು. ಗಿರಾಕಿ ನಿಲ್ಲುವ ಜಾಗ, ಸ್ವಲ್ಪ ಆಚೆ ಕೂತುಕೊಳ್ಳಿ ಎಂದ.