ಘನಕೋಷ್ಟಕದ ವಿಘಟನೆ: ಒಂದು ಗಣನಕ್ರಮದ ಚರಿತ್ರೆ

ಸಾಲು ಕಂಬಗಳಲ್ಲಿ ಬರೆದ ಅಂಕಿಗಳ ಕೋಷ್ಟಕ ಎಲ್ಲರಿಗೂ ಪರಿಚಿತವಾದುದು. ಅಂಥ ಹಲವು ಕೋಷ್ಟಕಗಳನ್ನು ಒಂದರ ಹಿಂದೊಂದು ನಿಲ್ಲಿಸಿದರೆ ಮೂರು ಆಯಾಮಗಳ ಘನಕೋಷ್ಟಕವಾಗುತ್ತದೆ. ಅದನ್ನು ಸರಳ ಗುಣಲಬ್ಧಗಳ ಮೊತ್ತವಾಗಿ ಬಿಡಿಸಿ ಬರೆಯುವ ವಿಚಾರವನ್ನು ಅಮೆರಿಕದ ಫ್ರಾಂಕ್ ಹಿಚ್‌ಕಾಕ್ ೧೯೨೭ರಲ್ಲಿಯೇ ಪ್ರಕಟಿಸಿದ್ದರು. ಆದರೆ ಅದಕ್ಕೆ ಜೀವ ಬಂದುದು ಗಣಿತಜ್ಞರ ಕೈಯಲ್ಲಲ್ಲ. ಮನುಷ್ಯನ ಬುದ್ಧಿಯನ್ನೂ ನುಡಿಯನ್ನೂ ಅಳೆಯಹೊರಟವರ ಕೈಯಲ್ಲಿ.

ಇದಕ್ಕೆ ಕಾರಣವುಂಟು. ಪರೀಕ್ಷಾರ್ಥಿಗಳು ಒಂದು ಕಡೆ, ಪರೀಕ್ಷೆಗಳು ಇನ್ನೊಂದು ಕಡೆ ಇರುವ ಚಪ್ಪಟೆ ಕೋಷ್ಟಕವನ್ನು ಒಡೆದು, ಅಂಕಗಳ ಹಿಂದೆ ಅಡಗಿದ ಮೂಲಘಟಕಗಳನ್ನು ಹುಡುಕುವುದು ಮನಶ್ಶಾಸ್ತ್ರಜ್ಞರ ಪದ್ಧತಿ. ಆದರೆ ಇಂಥ ಕೋಷ್ಟಕವನ್ನು ಅಷ್ಟೇ ನಿಖರವಾಗಿ ಲೆಕ್ಕವಿಲ್ಲದಷ್ಟು ಬಗೆಗಳಲ್ಲಿ ಒಡೆಯಬಹುದು. ಎಲ್ಲಕ್ಕೂ ತಳಹದಿಯಾದ ಸಾಮಾನ್ಯ ಬುದ್ಧಿಯೊಂದುಂಟೆಂದು ಸ್ಪಿಯರ್‌ಮನ್, ಶಕ್ತಿಗಳು ಹಲವೆಂದು ಥರ್ಸ್ಟನ್ ವಾದಿಸಿದಾಗ ತೀರ್ಪು ಕೊಡುವ ಶಕ್ತಿ ಅಂಕಿಗಳಿಗೇ ಇರಲಿಲ್ಲ. ಇದು ಬರಿಯ ಪಂಡಿತರ ಜಗಳವೂ ಅಲ್ಲ. ಇಂಗ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳನ್ನು ಶಾಲೆಗಳಿಗೆ ವಿಂಗಡಿಸಲು ಬುದ್ಧಿಪರೀಕ್ಷೆಗಳು ಬಳಕೆಯಾಗಿದ್ದುವು.

೧೯೪೪ರಲ್ಲಿ ರೇಮಂಡ್ ಕ್ಯಾಟೆಲ್ ಒಂದು ದಾರಿಯನ್ನು ಸೂಚಿಸಿದರು: ಅವೇ ಘಟಕಗಳು ಬೇರೆಬೇರೆ ಸಂದರ್ಭಗಳಲ್ಲಿ ಬೇರೆಬೇರೆ ಪ್ರಮಾಣದಲ್ಲಿ ಏರಿಳಿದರೆ, ಆ ಏರಿಳಿತವೇ ನಿಜವಾದ ಒಡೆತವನ್ನು ಗುರುತಿಸಿಕೊಡುತ್ತದೆ. ಮೂರನೆಯ ಆಯಾಮದ ಬೆಲೆ ಇದೇ. ೧೯೭೦ರಲ್ಲಿ ಲಾಸ್ ಏಂಜಲೀಸಿನ ರಿಚರ್ಡ್ ಹಾರ್ಷ್‌ಮನ್ ಒಂದೆಡೆ, ಬೆಲ್ ಪ್ರಯೋಗಾಲಯದ ಕ್ಯಾರೊಲ್ ಮತ್ತು ಚಾಂಗ್ ಇನ್ನೊಂದೆಡೆ, ಸ್ವತಂತ್ರವಾಗಿ ಒಂದೇ ವಿಘಟನೆಯನ್ನು ಮುಂದಿಟ್ಟರು.

ಅವರ ಗಣನಕ್ರಮ ಸರಳವಾದುದು. ಮೂರು ಅಜ್ಞಾತ ಪಟ್ಟಿಗಳಲ್ಲಿ ಎರಡನ್ನು ಸ್ಥಿರವೆಂದು ಹಿಡಿದರೆ, ಮೂರನೆಯದು ಹಳೆಯ ಕನಿಷ್ಠ ವರ್ಗಗಳ ವಿಧಾನದಿಂದಲೇ ದೊರೆಯುತ್ತದೆ. ಸರದಿಯಂತೆ ಮೂರನ್ನೂ ತಿದ್ದುತ್ತ ಹೋದರೆ ದೋಷ ಎಂದೂ ಹೆಚ್ಚದು. ನಡೆ ಕೆಲವೊಮ್ಮೆ ಬಸವನಹುಳುವಿನದು. ಕೀಳು ಉತ್ತರವೊಂದರಲ್ಲಿ ಸಿಕ್ಕಿಬೀಳುವುದೂ ಉಂಟು. ವಿಘಟನೆ ಏಕೈಕವಾಗಿರಲು ಸಾಕಾಗುವ ನಿಬಂಧನೆಯನ್ನು ಜೋಸೆಫ್ ಕ್ರುಸ್ಕಲ್ ೧೯೭೭ರಲ್ಲಿ ಸಾಧಿಸಿದರು.

ಅದೇ ವರ್ಷ ಹಾರ್ಷ್‌ಮನ್, ಧ್ವನಿವಿಜ್ಞಾನಿ ಪೀಟರ್ ಲ್ಯಾಡಿಫೋಗೆಡ್ ಮತ್ತು ಲೂಯಿ ಗೋಲ್ಡ್‌ಸ್ಟೀನ್ ನಾಲಗೆಯನ್ನೇ ಅಳೆದರು. ಇಂಗ್ಲಿಷನ್ನಾಡುವ ೫ ಮಂದಿ, ೧೦ ಸ್ವರಗಳು, ಕ್ಷಕಿರಣ ಚಿತ್ರಗಳಲ್ಲಿ ನಾಲಗೆಯ ೧೩ ನೆಲೆಗಳು: ಒಟ್ಟು ೬೫೦ ಅಂಕಿಗಳು. ಎರಡೇ ಘಟಕಗಳು ಸಾಕಾದುವು; ಬರೆದಿಡಬೇಕಾದ ಅಂಕಿಗಳು ೫೬. ಒಂದು ಘಟಕದಲ್ಲಿ ನಾಲಗೆಯ ಬುಡ ಮುಂದಕ್ಕೆ ಸರಿದು ಮುಂಭಾಗ ಮೇಲೇಳುತ್ತದೆ. ಇನ್ನೊಂದರಲ್ಲಿ ಹಿಂಭಾಗ ಮೇಲಕ್ಕೂ ಹಿಂದಕ್ಕೂ ಏಳುತ್ತದೆ. ಪಠ್ಯಪುಸ್ತಕಗಳು ಹೇಳುವ ಎತ್ತರ, ಹಿಂಚಲನೆಗಳೆಂಬ ಜೋಡಿಯಲ್ಲ ಇದು.