ಕಲ್ಯಾಣದ ಮೊರೆ ಮತ್ತು ಅದಕ್ಕೆ ದೊರೆತ ಉತ್ತರ

ಸಂಕಟವೊದಗಿದಾಗ ಮಾನವನು ದೇವರಿಗೆ ಮೊರೆಯಿಡುವುದು ಸಹಜ. ಆ ಮೊರೆಯನ್ನು ಆತನು ಆಲಿಸುವನೇ, ಆಲಿಸಿದರೆ ಉತ್ತರವನ್ನೀಯುವನೇ ಎಂಬ ಸಂದೇಹವೂ ಅಷ್ಟೇ ಸಹಜವಾದುದು. ಹನ್ನೆರಡನೆಯ ಶತಮಾನದ ಶರಣರ ಇತಿಹಾಸವು ಈ ಸಂದೇಹವನ್ನು ಪರಿಹರಿಸಲು ನಮಗೆ ನೆರವಾಗುತ್ತದೆ.

ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ ಬಸವಣ್ಣನವರು ಭಂಡಾರಿಗಳಾಗಿದ್ದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಶರಣರಾಗಿ ಬಂದ ಮಧುವರಸರ ಮಗಳಿಗೂ ವಿವಾಹವಾದುದು ಸನಾತನಿಗಳ ಕೋಪಕ್ಕೆ ಕಾರಣವಾಯಿತು. ಆ ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆಯು ಸಾರುತ್ತದೆ. ಕ್ರಿ.ಶ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆಯು ಕೊನೆಗಂಡಿತು, ಕಲ್ಯಾಣವು ಕ್ಷೋಭೆಗೊಳಗಾಯಿತು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚನ್ನಬಸವಣ್ಣನವರೊಡನೆ ಹೊರಟ ಶರಣರು ಬೆನ್ನಟ್ಟಿದ ಸೈನ್ಯವನ್ನು ಕಾದರವಳ್ಳಿಯಲ್ಲಿ ಎದುರಿಸಿ, ಸಹ್ಯಾದ್ರಿಯ ದಟ್ಟಡವಿಯ ನಡುವಿನ ಉಳವಿಯನ್ನು ಸೇರಿದರೆಂಬುದು ಪ್ರತೀತಿ.

ಮನೆಮಾರುಗಳನ್ನು ತೊರೆದು ಹೊರಟ ಆ ಜನರಿಗೆ ಆಸರೆಯಾದುದೇನು? ಗುಡಿಯನ್ನು ನೆಚ್ಚಿದವನ ದೇವರು ಗುಡಿಯಲ್ಲಿಯೇ ಉಳಿಯಬಹುದು. ಶರಣರ ಇಷ್ಟಲಿಂಗವಾದರೋ ಅವರ ಅಂಗದ ಮೇಲೆಯೇ ಇದ್ದಿತು. ಕಾಡಿನ ನಡುವೆಯೂ ಅಂಗೈಯ ಮೇಲಿರಿಸಿಕೊಂಡು ಮೊರೆಯಿಡಬಹುದಾಗಿದ್ದಿತು; ಪೂಜಾರಿಯ ಹಂಗು ಅದಕ್ಕಿರಲಿಲ್ಲ. ವಚನದ ರಚನೆಯಲ್ಲಿಯೂ ಇದೇ ಶ್ರದ್ಧೆಯಿದೆ. ವಚನಕಾರರು ತಮ್ಮ ಅಳಲನ್ನು ತೋಡಿಕೊಂಡು ಕೊನೆಗೆ ಕೂಡಲಸಂಗಮದೇವನನ್ನೋ ಚೆನ್ನಮಲ್ಲಿಕಾರ್ಜುನನನ್ನೋ ಹೆಸರಿಡಿದು ಕರೆಯುತ್ತಾರೆ. ಕೇಳುವವನು ಸಮೀಪದಲ್ಲಿಯೇ ಇದ್ದಾನೆಂಬ ದೃಢವಿಶ್ವಾಸವಿಲ್ಲದೆ ಅಂಕಿತಕ್ಕೆ ಅರ್ಥವಿಲ್ಲ.

ಆದರೂ ಹರಳಯ್ಯನವರ ಪ್ರಾಣವು ಉಳಿಯಲಿಲ್ಲ, ಕಲ್ಯಾಣವು ಮೊದಲಿನಂತಾಗಲಿಲ್ಲ. ಇದನ್ನು ಮರೆಮಾಚಿ ಭಕ್ತಿಯನ್ನು ಬೋಧಿಸುವುದು ಉಚಿತವಲ್ಲ. ಹಾಗಾದರೆ ಅವರ ಮೊರೆಯು ವ್ಯರ್ಥವಾಯಿತೇ? ಅವರು ಯಾವುದಕ್ಕಾಗಿ ಬಾಳಿ ಮಡಿದರೋ ಆ ವಚನಧರ್ಮವು ಅಳಿಯಲಿಲ್ಲ. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಕಾಲದಲ್ಲಿ (1424–1446), ಲಕ್ಕಣ್ಣ ದಂಡೇಶ, ಜಕ್ಕಣಾರ್ಯರಂಥವರು ಶರಣಸಾಹಿತ್ಯದ ಸಂಗ್ರಹಕ್ಕೆ ಮುಂದಾದರು. ಅದೇ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ಅಣಿಗೊಳಿಸಿದರು. ಮುಂದೆ ಮಠಗಳಲ್ಲಿಯೂ ಭಕ್ತರ ಮನೆಗಳ ಜಗಲಿಯ ಮೇಲೂ ತಾಳೆಗರಿಯ ಕಟ್ಟುಗಳು ಪೂಜೆಗೊಳ್ಳುತ್ತ ಉಳಿದುವು. ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರು ಅವುಗಳನ್ನು ಅರಸಿ ಊರೂರು ಅಲೆದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಸ್ವಂತ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಕಲ್ಯಾಣದ ಮೊರೆಗೆ ಏಳುನೂರೈವತ್ತು ವರ್ಷಗಳ ತರುವಾಯವೂ ಉತ್ತರವು ಬರುತ್ತಲೇ ಇದ್ದಿತು.

ದೇವರ ಉತ್ತರವು ಬಹುಮಟ್ಟಿಗೆ ಮಾನವರ ಕೈಗಳ ಮೂಲಕವೇ ಬರುತ್ತದೆ. ಕೆಲವೊಮ್ಮೆ ಮೊರೆಯಿಟ್ಟವನ ಆಯುಷ್ಯವನ್ನೂ ಮೀರಿ ಬರುತ್ತದೆ. ಮಗನ ವಿದ್ಯೆಗಾಗಿ ಕೈಮುಗಿದ ಬಡ ತಾಯಿಗೆ ಮಠದ ಪ್ರಸಾದನಿಲಯವು ಉತ್ತರವಾದುದನ್ನು ಇಲ್ಲಿ ಕಲಿತವರು ಬಲ್ಲರು. ಆದುದರಿಂದ ಸಂಕಟದಲ್ಲಿ ಧೃತಿಗೆಡದೆ ಮೊರೆಯಿಡೋಣ. ನಮ್ಮ ಸಂಕಟವು ಕಳೆದಂದು, ಮತ್ತೊಬ್ಬರ ಮೊರೆಗೆ ಉತ್ತರವಾಗುವ ಕೈಗಳು ನಮ್ಮವಾಗಲಿ. ಕಾಯಕ ದಾಸೋಹಗಳ ಮರ್ಮವೂ ಇದೇ ಆಗಿದೆ.