ರೋಬಾಟ್ ಸ್ಪರ್ಧೆಗಳಲ್ಲಿ ವಿನ್ಯಾಸ ನಿಯಮಗಳ ಅರ್ಥನಿರ್ಣಯ

ರೋಬಾಟ್ ಸ್ಪರ್ಧೆಗಳಲ್ಲಿ ವಿನ್ಯಾಸ ನಿಯಮಗಳ ಅರ್ಥನಿರ್ಣಯ ಎಂದರೆ, ವಿದ್ಯಾರ್ಥಿಗಳು ತಯಾರಿಸುವ ರೋಬಾಟಿನ ಗಾತ್ರ, ತೂಕ, ಬಿಡಿಭಾಗ ಹಾಗೂ ಚಲನೆಗೆ ಸಂಬಂಧಿಸಿದ ಸಂದಿಗ್ಧ ನಿಯಮಗಳಿಗೆ ಖಚಿತವಾದ ಅರ್ಥವನ್ನು ಗೊತ್ತುಪಡಿಸುವ ಕ್ರಮ. ಒಂದೇ ವಾಕ್ಯಕ್ಕೆ ಎರಡು ಅರ್ಥಗಳು ಸಾಧ್ಯವಿದ್ದಾಗ ತಂಡವು ಒಂದನ್ನು ನಂಬಿ ಯಂತ್ರವನ್ನು ಕಟ್ಟುತ್ತದೆ. ತಪಾಸಕರು ಇನ್ನೊಂದನ್ನು ಒಪ್ಪಿದರೆ ತಿಂಗಳುಗಳ ಶ್ರಮ ಪಂದ್ಯಕ್ಕೆ ಮೊದಲೇ ವ್ಯರ್ಥವಾಗುತ್ತದೆ. ಆದುದರಿಂದ ಸಂದೇಹವನ್ನು ಪಂದ್ಯದ ದಿನದವರೆಗೆ ಉಳಿಸಿಕೊಳ್ಳದೆ, ವಿನ್ಯಾಸದ ಹಂತದಲ್ಲಿಯೇ ಲಿಖಿತ ರೂಪದಲ್ಲಿ ಪರಿಹರಿಸಿಕೊಳ್ಳುವುದು ಈ ಕ್ರಮದ ತಿರುಳಾಗಿದೆ.

ಹಿನ್ನೆಲೆ

ಡೀನ್ ಕೇಮನ್ ಅವರು 1989ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯು ತನ್ನ ಮೊದಲ ರೋಬಾಟ್ ಸ್ಪರ್ಧೆಯನ್ನು 1992ರಲ್ಲಿ ನಡೆಸಿತು. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ವಿದ್ಯಾರ್ಥಿಗಳ 'ಎಬಿಯು ರೋಬೊಕಾನ್' 2002ರಲ್ಲಿ ಟೋಕಿಯೊದಲ್ಲಿ ಪ್ರಾರಂಭವಾಯಿತು; 2008 ಮತ್ತು 2014ರಲ್ಲಿ ಅದು ಪುಣೆಯಲ್ಲಿ ಜರುಗಿತು. 2004ರಲ್ಲಿ ಆರಂಭವಾದ 'ವರ್ಲ್ಡ್ ರೋಬಾಟ್ ಒಲಿಂಪಿಯಾಡ್'ನ 2016ರ ಅಂತಿಮ ಸುತ್ತಿಗೆ ಭಾರತವು ಆತಿಥ್ಯ ವಹಿಸಿತ್ತು. ಕರ್ನಾಟಕದಲ್ಲಿ, ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರವು (ಬೆಂಗಳೂರು) 2024ರಿಂದ 'ಇಸ್ರೋ ರೊಬಾಟಿಕ್ಸ್ ಚಾಲೆಂಜ್' ಎಂಬ ಸ್ಪರ್ಧೆಯನ್ನು ನಡೆಸುತ್ತಿದೆ.

ಸಂದಿಗ್ಧತೆಯ ಮೂಲಗಳು

ನಿಯಮಗಳಲ್ಲಿ ಸಂದೇಹ ಮುಖ್ಯವಾಗಿ ಮೂರು ಕಡೆ ಹುಟ್ಟುತ್ತದೆ.

* ಕಾಲ: ಗಾತ್ರದ ಮಿತಿಯು ಆರಂಭಕ್ಕೆ ಮಾತ್ರವೋ, ಪಂದ್ಯದ ಉದ್ದಕ್ಕೂ ಅನ್ವಯವೋ ಎಂಬುದು. ವರ್ಲ್ಡ್ ರೋಬಾಟ್ ಒಲಿಂಪಿಯಾಡ್‌ನ 'ರೋಬೊಮಿಷನ್' ವಿಭಾಗದ ನಿಯಮವು ಇದಕ್ಕೆ ಸ್ಪಷ್ಟ ಉತ್ತರ ನೀಡುತ್ತದೆ: ಹೊರಡುವ ಮುನ್ನ ರೋಬಾಟು 250 × 250 × 250 ಮಿ.ಮೀ. ಮಿತಿಯಲ್ಲಿರಬೇಕು, ತಂತಿಗಳೂ ಈ ಅಳತೆಗೆ ಸೇರುತ್ತವೆ, ಹೊರಟ ಮೇಲೆ ಮಿತಿಯಿಲ್ಲ.
* ಪರಿಭಾಷೆ: 'ರೋಬಾಟು', 'ಭಾಗ', 'ಪೂರ್ಣವಾಗಿ ಒಳಗೆ' ಮುಂತಾದ ಪದಗಳಿಗೆ ನಿಯಮಪುಸ್ತಕವು ಕೊಡುವ ಅರ್ಥವು ನಿತ್ಯಬಳಕೆಯ ಅರ್ಥಕ್ಕಿಂತ ಭಿನ್ನವಾಗಿರಬಹುದು. ವಸ್ತುವೊಂದು ಚೌಕದ ಗೆರೆಯನ್ನು ಮುಟ್ಟಿದ್ದರೆ ಅದು ಒಳಗಿದೆಯೇ ಎಂಬ ಪ್ರಶ್ನೆಗೆ ಉತ್ತರ ಆ ವ್ಯಾಖ್ಯೆಯಲ್ಲಿಯೇ ಇರುತ್ತದೆ.
* ಭಾಷಾಂತರ: ಮೂಲ ನಿಯಮಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತವೆ. '250 ಮಿ.ಮೀ. ಒಳಗೆ' ಎಂದು ಕನ್ನಡಿಸಿದರೆ ಸರಿಯಾಗಿ 250 ಇರುವ ಯಂತ್ರ ಸಲ್ಲುವುದೋ ಇಲ್ಲವೋ ತಿಳಿಯದು, '250 ಮಿ.ಮೀ. ಮೀರಬಾರದು' ಎಂದರೆ ಸಲ್ಲುತ್ತದೆ. ಹಾಗೆಯೇ ಕಡ್ಡಾಯವನ್ನು ಸೂಚಿಸುವ 'ತಕ್ಕದ್ದು', ಸಲಹೆಯನ್ನು ಸೂಚಿಸುವ 'ಒಳ್ಳೆಯದು', ಅನುಮತಿಯನ್ನು ಸೂಚಿಸುವ 'ಬಹುದು' ಇವುಗಳನ್ನು ಬೆರೆಸಿದರೆ ನಿಯಮವೇ ಬದಲಾಗುತ್ತದೆ.

ನಿರ್ಣಯದ ತತ್ತ್ವಗಳು

ಫಸ್ಟ್ ರೊಬಾಟಿಕ್ಸ್ ಸ್ಪರ್ಧೆಯ ಕೈಪಿಡಿಯು ವಾಚ್ಯಾರ್ಥಕ್ಕೆ ಪ್ರಾಧಾನ್ಯ ನೀಡುತ್ತದೆ. ನಿಯಮ ರಚಿಸಿದವರ ಮನಸ್ಸಿನಲ್ಲಿ ಏನಿತ್ತು, ಹಿಂದಿನ ವರ್ಷ ಏನಿತ್ತು ಎಂಬ ಊಹೆಗೆ ಅಲ್ಲಿ ಎಡೆಯಿಲ್ಲ. ಬರೆಯದ ನಿಷೇಧವೂ ಇಲ್ಲ. ಚಿಕ್ಕ ಮಕ್ಕಳ 'ಫಸ್ಟ್ ಲೆಗೊ ಲೀಗ್' ಇನ್ನೂ ಉದಾರವಾಗಿದ್ದು, ತೀರ್ಮಾನಿಸಲು ಸಾಧ್ಯವಾಗದ ಸಂದರ್ಭದಲ್ಲಿ ಸಂದೇಹದ ಲಾಭವನ್ನು ತಂಡಕ್ಕೆ ಕೊಡುತ್ತದೆ.

ಋತುವಿನ ನಡುವೆ ಹೊರಡುವ ಅಧಿಕೃತ ತಿದ್ದುಪಡಿಯು ಮೂಲ ನಿಯಮವನ್ನು ಬದಲಿಸುತ್ತದೆ. ಪ್ರಶ್ನೋತ್ತರ ವ್ಯವಸ್ಥೆಯ ಸ್ವರೂಪ ಬೇರೆ: ಫಸ್ಟ್ ರೊಬಾಟಿಕ್ಸ್ ಸ್ಪರ್ಧೆಯಲ್ಲಿ ಅದು ನಿಯಮವನ್ನು ವಿವರಿಸುತ್ತದೆಯೇ ಹೊರತು ಅದನ್ನು ಮೀರುವುದಿಲ್ಲ. 'ನಮ್ಮ ಯಂತ್ರ ಸಲ್ಲುತ್ತದೆಯೇ?' ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ದೊರೆಯದು. ನಿಯಮದ ಸಂಖ್ಯೆಯನ್ನು ಸೂಚಿಸಿ, ಸಂದೇಹವಿರುವ ಪದವನ್ನು ಎತ್ತಿ ತೋರಿಸಿ ಕೇಳಬೇಕಾಗುತ್ತದೆ. ಉತ್ತರವು ಎಲ್ಲ ತಂಡಗಳಿಗೂ ಪ್ರಕಟವಾಗುವುದರಿಂದ, ಅನುಭವಿ ಮಾರ್ಗದರ್ಶಕರಿಲ್ಲದ ತಂಡಕ್ಕೂ ಅದೇ ಮಾಹಿತಿ ದಕ್ಕುತ್ತದೆ.

ಪ್ರಮುಖ ನಿದರ್ಶನಗಳು

2002ರ ಫಸ್ಟ್ ಸ್ಪರ್ಧೆಯಲ್ಲಿ ಇಂಡಿಯಾನಾ ರಾಜ್ಯದ 71ನೆಯ ಸಂಖ್ಯೆಯ ತಂಡವು, ಅರ ಶುಚಿಗೊಳಿಸುವ ಲೋಹದ ಬ್ರಷ್ಷಿನಂತಹ ಪಟ್ಟಿಗಳನ್ನು ಯಂತ್ರದ ಪಾದಗಳಿಗೆ ಅಳವಡಿಸಿತು. ಅವು ಅಂಕಣದ ಜಮಖಾನೆಯನ್ನು ಬಲವಾಗಿ ಕಚ್ಚಿ ಹಿಡಿದವು. ತಂಡವು ಚಾಂಪಿಯನ್ ಮೈತ್ರಿಕೂಟದಲ್ಲಿ ಸ್ಥಾನ ಪಡೆಯಿತು. ಲೋಹದ ಮೇಲ್ಮೈಯಿಂದ ಜಮಖಾನೆಯನ್ನು ಕಚ್ಚುವ ಸಾಧನಗಳನ್ನು ನಂತರದ ನಿಯಮಗಳು ನಿಷೇಧಿಸಿವೆ.

2015ರಲ್ಲಿ ರೋಬಾಟಿನ ಉದ್ದ-ಅಗಲಗಳಿಗೆ ಸಾಗಣೆಯ ಸ್ಥಿತಿಯಲ್ಲಿ ಮಾತ್ರ ಮಿತಿಯಿತ್ತು. ಟೆಕ್ಸಾಸಿನ 148ನೆಯ ತಂಡವು ಇದನ್ನು ಗಮನಿಸಿ, ಹಗ್ಗದಂತಹ ಜೋಡಣೆಯಿಂದ ಬೆಸೆದ ಎರಡು ಘಟಕಗಳನ್ನು ಒಂದೇ ರೋಬಾಟಾಗಿ ಕಣಕ್ಕಿಳಿಸಿತು. ಯಾವ ನಿಯಮವನ್ನೂ ಮುರಿಯದ ವಾಚ್ಯಾರ್ಥದ ಓದಿಗೆ ಇದು ಉತ್ತಮ ನಿದರ್ಶನ.

ಕರ್ನಾಟಕದ ಸಂದರ್ಭ

ಇಸ್ರೋ ಸ್ಪರ್ಧೆಯ 2024ರ ಆವೃತ್ತಿಯಲ್ಲಿ ಗ್ರಹಗಳ ಮೇಲೆ ಚಲಿಸುವಂತಹ ರೋವರ್, 2025ರ ಆವೃತ್ತಿಯಲ್ಲಿ ಜಿಪಿಎಸ್ ನೆರವಿಲ್ಲದೆ ಸ್ವಯಂ ಹಾರುವ ಡ್ರೋನ್ ವಿಷಯಗಳಾಗಿದ್ದವು. 'ಜಿಪಿಎಸ್ ಇಲ್ಲದೆ' ಎಂಬಂತಹ ಷರತ್ತನ್ನು ಎರಡು ಬಗೆಯಾಗಿ ಓದಬಹುದು: ಜಿಪಿಎಸ್ ಉಪಕರಣವೇ ಡ್ರೋನಿನಲ್ಲಿರಬಾರದು, ಅಥವಾ ಇದ್ದರೂ ಹಾರಾಟದಲ್ಲಿ ಅದನ್ನು ಬಳಸಬಾರದು. ಮಾರುಕಟ್ಟೆಯಲ್ಲಿ ದೊರೆಯುವ ಕೆಲವು ಸಿದ್ಧ ಡ್ರೋನುಗಳಲ್ಲಿ ಜಿಪಿಎಸ್ ಮೊದಲೇ ಅಡಕವಾಗಿರುವುದರಿಂದ, ಸಲಕರಣೆ ಕೊಳ್ಳುವ ಮೊದಲೇ ಆಯೋಜಕರಿಂದ ಸ್ಪಷ್ಟನೆ ಪಡೆಯದಿದ್ದರೆ ಹಣವೂ ಸಮಯವೂ ನಷ್ಟವಾಗಬಹುದು.

ಶಾಲಾ ಹಂತದಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು 6ರಿಂದ 12ನೆಯ ತರಗತಿಯ ವಿದ್ಯಾರ್ಥಿಗಳಿಗೆ ಇಂತಹ ಯಂತ್ರಗಳನ್ನು ಕಟ್ಟಲು ಅವಕಾಶ ನೀಡುತ್ತವೆ. ಕಾವೇರಿ ತೀರದ ಮುತ್ತತ್ತಿಯಂತಹ ಊರಿನಿಂದ ಬೆಂಗಳೂರಿನ ಸ್ಪರ್ಧೆಗೆ ಹೋಗುವ ತಂಡಕ್ಕೆ, ತಪಾಸಣೆಯಲ್ಲಿ ಒಂದು ಭಾಗ ತಿರಸ್ಕೃತವಾದರೆ ಮರಳಿ ಬಂದು ಸರಿಪಡಿಸಿಕೊಳ್ಳಲು ಕಾಲಾವಕಾಶವಿರುವುದಿಲ್ಲ. ಇಂತಹ ತಂಡಗಳಿಗೆ ಮೂರು ರೂಢಿಗಳು ಉಪಯುಕ್ತ: ಮೂಲಪಾಠವನ್ನೂ ಕನ್ನಡ ಅನುವಾದವನ್ನೂ ಜೊತೆಯಲ್ಲಿಟ್ಟು ಓದುವುದು, ಪ್ರತಿಯೊಂದು ನಿಯಮದ ಎದುರು ಯಂತ್ರದ ಅಳತೆಯನ್ನು ಬರೆದಿಡುವುದು, ಆಯೋಜಕರ ಲಿಖಿತ ಉತ್ತರದ ಮುದ್ರಿತ ಪ್ರತಿಯನ್ನು ತಪಾಸಣೆಗೆ ಕೊಂಡೊಯ್ಯುವುದು. ಆದರೂ ಸ್ಪರ್ಧೆಯ ದಿನದಂದು ಮುಖ್ಯ ತೀರ್ಪುಗಾರರ ನಿರ್ಣಯವೇ ಸಾಮಾನ್ಯವಾಗಿ ಅಂತಿಮವಾಗಿರುತ್ತದೆ.